ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಖಪರದೆ, ಪೊಲೀಸರು, ತೀರ್ಪು

ಮುಖ ಮುಚ್ಚುವ ಬುರ್ಖಾ, ನಿಖಾಬ್ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಬೈಗುಳ ಮಾತ್ರ ಇದ್ದವನ್ನು ಪಕ್ಕಕ್ಕಿಟ್ಟು, ನಿಜವಾಗಿ ಏನನ್ನೋ ಕೇಳಿದವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಒಬ್ಬಾಕೆ ಪೊಲೀಸ್ ಮೇಲೆ ಸುಳ್ಳು ದೂರು ಕೊಟ್ಟು ಸಿಕ್ಕಿಬಿದ್ದಳು, ಆದರೆ ಬುರ್ಖಾ ಹಾಕಿದ್ದಳು ಅಂತ ಜಡ್ಜ್ ಬಿಟ್ಟುಬಿಟ್ಟರು ಎಂಬ ಹಳೆಯ ಸುದ್ದಿ ಮತ್ತೆ ನಮ್ಮ ಗ್ರೂಪಿನಲ್ಲಿ ಓಡಾಡ್ತಾ ಇದೆ. ಇದು ಯಾವ ನ್ಯಾಯ? (ಶಿವಮೊಗ್ಗದ ಓದುಗರು)

ಸುದ್ದಿ ಅರ್ಧ ನಿಜ. ಬಿಟ್ಟುಹೋದ ಅರ್ಧದಲ್ಲೇ ವಿಷಯ ಇರೋದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2010ರ ಜೂನ್‌ನಲ್ಲಿ ಸಿಡ್ನಿಯ ನೈಋತ್ಯ ಭಾಗದ ವುಡ್‌ಬೈನ್‌ನಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಓಡಿಸುತ್ತಿದ್ದಾಕೆ ನಿಖಾಬ್ ಹಾಕಿದ್ದರು. ಹೊಸ ಚಾಲಕರು ಕಾರಿಗೆ ಹಚ್ಚಬೇಕಾದ 'ಪಿ' ಫಲಕ ಸರಿಯಾಗಿ ಕಾಣುತ್ತಿರಲಿಲ್ಲ ಅಂತ ದಂಡ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಮೇಲೆ ಆಕೆಯ ಹೆಸರಿನಲ್ಲಿ ಪೊಲೀಸ್ ಠಾಣೆಗೆ ಒಂದು ಲಿಖಿತ ದೂರು ಬಂತು. ಆ ಅಧಿಕಾರಿ ನನ್ನ ಪರದೆಯನ್ನು ಕಿತ್ತು ತೆಗೆಯಲು ನೋಡಿದ ಅಂತ ಅದರಲ್ಲಿತ್ತು. ಪೊಲೀಸ್ ವಾಹನದ ಕ್ಯಾಮೆರಾದಲ್ಲಿ ಇಡೀ ಘಟನೆ ರೆಕಾರ್ಡ್ ಆಗಿತ್ತು, ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಸುಳ್ಳು ದೂರು ಕೊಟ್ಟ ಅಪರಾಧಕ್ಕೆ ಮ್ಯಾಜಿಸ್ಟ್ರೇಟ್ 2010ರ ನವೆಂಬರ್‌ನಲ್ಲಿ ಆಕೆಗೆ ಆರು ತಿಂಗಳ ಜೈಲು ವಿಧಿಸಿದರು. ಮೇಲ್ಮನವಿಯಲ್ಲಿ, 2011ರ ಜೂನ್‌ನಲ್ಲಿ, ಡಿಸ್ಟ್ರಿಕ್ಟ್ ಕೋರ್ಟ್‌ನ ನ್ಯಾಯಾಧೀಶ ಕ್ಲೈವ್ ಜೆಫ್ರಿಸ್ ಆ ಶಿಕ್ಷೆಯನ್ನು ರದ್ದು ಮಾಡಿದರು.

ಯಾಕೆ ಅಂದರೆ, ದೂರು ಸುಳ್ಳು ಅನ್ನೋದು ಒಂದು ಮಾತು, ಆ ದೂರನ್ನು ಠಾಣೆಗೆ ತಂದುಕೊಟ್ಟವರು ಯಾರು ಅನ್ನೋದು ಬೇರೆಯೇ ಮಾತು. ಮೊದಲನೆಯದಕ್ಕೆ ವಿಡಿಯೊ ಇತ್ತು. ಎರಡನೆಯದಕ್ಕೆ ಗಟ್ಟಿ ಸಾಕ್ಷಿ ಇರಲಿಲ್ಲ. ದೂರು ತಂದ ಮಹಿಳೆಯ ಮುಖ ಮುಚ್ಚಿತ್ತು, ತೆಗೆದುಕೊಂಡವರು ಮುಖ ನೋಡಿ ಖಾತ್ರಿ ಮಾಡಿಕೊಳ್ಳಲಿಲ್ಲ, ಸಹಿಯ ಬಗ್ಗೆಯೂ ಅನುಮಾನ ಉಳಿಯಿತು. ಒಬ್ಬರನ್ನು ಜೈಲಿಗೆ ಕಳಿಸಬೇಕಾದರೆ ಇವರೇ ಮಾಡಿದ್ದು ಅನ್ನೋದು ಸಂದೇಹಕ್ಕೆ ಎಡೆ ಇಲ್ಲದ ಹಾಗೆ ಸಾಬೀತಾಗಬೇಕು. 'ಬೇರೆ ಯಾರು ಮಾಡಿರ್ತಾರೆ ಬಿಡಿ' ಅನ್ನೋದು ಜಗಲಿ ಮೇಲೆ ಕೂತು ಆಡುವ ಮಾತು, ಅದರ ಮೇಲೆ ಆರು ತಿಂಗಳು ಜೈಲಿಗೆ ಹಾಕೋಕೆ ಆಗಲ್ಲ. ಆ ನ್ಯಾಯಾಧೀಶರು ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಅವರು ಬುರ್ಖಾಕ್ಕೆ ರಿಯಾಯಿತಿ ಕೊಡಲಿಲ್ಲ. ಹೆಲ್ಮೆಟ್ ಹಾಕಿಕೊಂಡ ಒಬ್ಬ ಗಂಡಸು ಬಂದು ದೂರು ಕೊಟ್ಟು ಹೋಗಿದ್ದರೂ ಪ್ರಶ್ನೆ ಇದೇ ಆಗಿರುತ್ತಿತ್ತು.

ಆ ಅಧಿಕಾರಿಯ ಪಾಡು ನೋಡಿದರೆ ಬೇಜಾರಾಗುತ್ತೆ, ನಿಜ. ಕ್ಯಾಮೆರಾ ಇಲ್ಲದೇ ಹೋಗಿದ್ದರೆ ಅವರ ಕೆಲಸವೇ ಹೋಗಬಹುದಿತ್ತು. ಆದರೆ ಅವರಿಗೆ ಅನ್ಯಾಯ ಮಾಡಿದ್ದು ನ್ಯಾಯಾಧೀಶರಲ್ಲ. ದೂರು ತಗೊಂಡ ಕಡೆ ಗುರುತು ನೋಡಿದ್ದರೆ ಸಾಕಿತ್ತು, ಮೇಲ್ಮನವಿಯ ಕತೆಯೇ ಬೇರೆ ಆಗಿರುತ್ತಿತ್ತು. ತೀರ್ಪಿನ ದಿನ ಆಕೆಯ ಬೆಂಬಲಿಗರು ಕೋರ್ಟಿನ ಹೊರಗೆ ಘೋಷಣೆ ಕೂಗಿ ಕ್ಯಾಮೆರಾದವರ ಜೊತೆ ತಳ್ಳಾಡಿದ್ದು ಟಿವಿಯಲ್ಲಿ ಬಂತು. ಜನರ ತಲೆಯಲ್ಲಿ ಉಳಿದದ್ದು ಆ ದೃಶ್ಯ. ತೀರ್ಪನ್ನು ಓದಿದವರು ಕಡಿಮೆ.

ಪ್ರಶ್ನೆ: ಹಾಗಾದರೆ ಪೊಲೀಸರು 'ಮುಖ ತೋರಿಸಿ' ಅಂತ ಕೇಳಬಹುದು ಅಂತೀರಾ? ಅದು ಧರ್ಮಕ್ಕೆ ಅವಮಾನ ಅಲ್ವಾ? (ಭಟ್ಕಳದ ಓದುಗರು)

ಕಾರಣ ಇದ್ದಾಗ ಕೇಳಬಹುದು, ಕೇಳಲೇಬೇಕು. ಅವಮಾನ ಆಗೋದು ಕೇಳುವ ರೀತಿಯಲ್ಲಿ. ಸಿಡ್ನಿಯ ಆ ತೀರ್ಪಿನ ನಂತರ ಆ ನಗರ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಸರ್ಕಾರ ಅದೇ ವರ್ಷ ಕಾನೂನು ತಿದ್ದಿತು. ಗುರುತು ಪತ್ತೆಗಾಗಿ ಪೊಲೀಸರು ಮುಖದ ಮೇಲಿನ ಯಾವುದೇ ಹೊದಿಕೆ ತೆಗೆಯಲು ಹೇಳಬಹುದು. ಹೆಲ್ಮೆಟ್, ಮುಖವಾಡ, ನಿಖಾಬ್, ಎಲ್ಲಕ್ಕೂ ಒಂದೇ ನಿಯಮ. ಅದರ ಜೊತೆಗೇ ಪೊಲೀಸರ ಮೇಲೂ ಕಟ್ಟುಪಾಡು ಹಾಕಿದರು: ಸಾಧ್ಯವಾದಷ್ಟು ಮರೆಯಲ್ಲಿ ನೋಡಬೇಕು, ಬೇಗ ನೋಡಿ ಮುಗಿಸಬೇಕು. ಅಫಿಡವಿಟ್‌ನಂಥ ಪ್ರಮಾಣಪತ್ರಕ್ಕೆ ಸಾಕ್ಷಿ ಹಾಕುವವರೂ ಸಹಿ ಮಾಡುವವರ ಮುಖ ನೋಡಬೇಕು ಅಂತ ಆಮೇಲೆ ನಿಯಮ ಬಂತು. ತೀರ್ಪಿನಲ್ಲಿ ಕಂಡ ತೂತನ್ನು ಶಾಸನಸಭೆ ಮುಚ್ಚಿತು. ಕೆಲಸ ನಡೆಯಬೇಕಾದ್ದು ಹೀಗೇ.

ನಮ್ಮಲ್ಲೂ ಬಂಧಿಸಿದ ಮಹಿಳೆಯನ್ನು ಶೋಧಿಸುವಾಗ ಇನ್ನೊಬ್ಬ ಮಹಿಳೆಯೇ, ಮರ್ಯಾದೆಗೆ ಕುಂದು ಬಾರದ ಹಾಗೆ ಶೋಧಿಸಬೇಕು ಅಂತ ಕಾನೂನು ಮೊದಲಿನಿಂದಲೂ ಹೇಳುತ್ತೆ. ಅದು ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ.

ಪ್ರಶ್ನೆ: ಸಾಕ್ಷಿಯ ಮುಖವೇ ಕಾಣದಿದ್ದರೆ ನ್ಯಾಯಾಧೀಶರಿಗೆ ಸುಳ್ಳು ನಿಜ ಗೊತ್ತಾಗೋದು ಹೇಗೆ? (ಕಾನೂನು ವಿದ್ಯಾರ್ಥಿನಿ, ಧಾರವಾಡ)

ನಿಮ್ಮಂಥವರು ಜಾಸ್ತಿ ಓದಬೇಕಾದ ಎರಡು ಪ್ರಕರಣ ಇವೆ.

ಒಂದು ಲಂಡನ್ನಿನದು, 2013ರದು. ಸಾಕ್ಷಿಗೆ ಬೆದರಿಕೆ ಹಾಕಿದ ಆರೋಪದ ಮೇಲೆ ಬ್ಲ್ಯಾಕ್‌ಫ್ರಯರ್ಸ್ ಕ್ರೌನ್ ಕೋರ್ಟಿಗೆ ಬಂದ ಮಹಿಳೆ ಗಂಡಸರ ಮುಂದೆ ನಿಖಾಬ್ ತೆಗೆಯಲ್ಲ ಅಂದರು. ನ್ಯಾಯಾಧೀಶ ಪೀಟರ್ ಮರ್ಫಿ ಸಿಟ್ಟಾಗಲಿಲ್ಲ, ಸಮಸ್ಯೆಯನ್ನು ಬಿಡಿಸಿ ನೋಡಿದರು. ಗುರುತು ಬೇಕಾ? ಮಹಿಳಾ ಪೊಲೀಸ್ ಅಧಿಕಾರಿ ಮರೆಯಲ್ಲಿ ಮುಖ ನೋಡಿ ಬಂದು ಪ್ರಮಾಣ ಮಾಡಿ ಹೇಳಿದರೆ ಸಾಕು. ಸುಮ್ನೆ ಕೂತು ವಿಚಾರಣೆ ಕೇಳುವಾಗ? ನಿಖಾಬ್ ಇರಲಿ. ತಾನೇ ಸಾಕ್ಷಿ ಹೇಳಬೇಕು ಅಂದರೆ? ಆಗ ಮಾತ್ರ ತೆಗೆಯಬೇಕು, ನ್ಯಾಯಾಧೀಶರು, ಜ್ಯೂರಿ ಮತ್ತು ವಕೀಲರಿಗೆ ಮುಖ ಕಾಣಬೇಕು. ಆದರೆ ಸಾರ್ವಜನಿಕರಿಗೆ ಕಾಣದ ಹಾಗೆ ಅಡ್ಡ ಪರದೆ ಹಾಕಬಹುದು, ಇಲ್ಲವೇ ವಿಡಿಯೊ ಮೂಲಕ ಹೇಳಿಸಬಹುದು. ಮುಖದ ಚಿತ್ರ ಯಾರೂ ಬಿಡಿಸಬಾರದು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಆದೇಶ ನನಗೆ ತುಂಬಾ ಇಷ್ಟ.

ಇನ್ನೊಂದು ಕೆನಡಾದ್ದು. ಇದು ಮನಸ್ಸು ಹಿಂಡುತ್ತೆ. ಇಲ್ಲಿ ನಿಖಾಬ್ ಹಾಕಿದ್ದಾಕೆ ಆರೋಪಿ ಅಲ್ಲ. ಚಿಕ್ಕಂದಿನಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಇಬ್ಬರು ಸಂಬಂಧಿಕರ ಮೇಲೆ ದೂರು ಕೊಟ್ಟ ಹೆಣ್ಣುಮಗಳು. ಅದೇ ಗಂಡಸರ ಮುಂದೆ ಮುಖ ತೆರೆದು ಸಾಕ್ಷಿ ಹೇಳು ಅಂದಾಗ ಆಕೆ ಸುಪ್ರೀಂ ಕೋರ್ಟ್‌ವರೆಗೂ ಹೋದರು. 2012ರ ಡಿಸೆಂಬರ್ 20ರಂದು ಏಳು ನ್ಯಾಯಮೂರ್ತಿಗಳು ಮೂರು ದಾರಿ ಹಿಡಿದರು. ಮುಖ್ಯ ನ್ಯಾಯಮೂರ್ತಿ ಬೆವರ್ಲಿ ಮೆಕ್‌ಲಾಕ್ಲಿನ್ ಸೇರಿ ನಾಲ್ವರು, ಪ್ರತಿ ಪ್ರಕರಣದಲ್ಲೂ ತೂಗಿ ನೋಡಬೇಕು ಅಂದರು: ಆಕೆಯ ನಂಬಿಕೆ ಪ್ರಾಮಾಣಿಕವಾ, ಮುಖ ಮುಚ್ಚಿದರೆ ವಿಚಾರಣೆಗೆ ನಿಜಕ್ಕೂ ಧಕ್ಕೆ ಇದೆಯಾ, ಎರಡನ್ನೂ ಉಳಿಸುವ ದಾರಿ ಇದೆಯಾ, ಇಲ್ಲದಿದ್ದರೆ ಯಾವುದರಿಂದ ಒಳಿತು ಹೆಚ್ಚು. ಇಬ್ಬರು, ಸಾಕ್ಷಿ ಹೇಳುವಾಗ ನಿಖಾಬ್ ಬೇಡವೇ ಬೇಡ ಅಂದರು. ನ್ಯಾಯಮೂರ್ತಿ ರೊಸಾಲಿ ಅಬೆಲ್ಲಾ ಒಬ್ಬರೇ, ಮುಖ ನೋಡುವುದೇ ಮುಖ್ಯ ಆದ ಪ್ರಕರಣ ಬಿಟ್ಟು ಉಳಿದ ಕಡೆ ಬಲವಂತ ಮಾಡಬೇಡಿ ಅಂದರು. ಮುಖ ತೆರೆಯಬೇಕು ಅನ್ನೋ ಭಯಕ್ಕೇ ಇಂಥ ಹೆಣ್ಣುಮಕ್ಕಳು ದೂರು ಕೊಡದೇ ಉಳಿದಾರು ಅನ್ನೋ ಚಿಂತೆ ಅವರದು. ಆ ಚಿಂತೆ ನನಗೂ ಇದೆ. ಆದರೆ ಪಾಟೀಸವಾಲಿನಲ್ಲಿ ಎದುರಿನವರ ಮುಖ ನೋಡುವ ಅವಕಾಶ ಆರೋಪಿಗೆ ಇರಬೇಕು ಅನ್ನೋದನ್ನು ಸುಲಭವಾಗಿ ತಳ್ಳಿಹಾಕೋಕೂ ಆಗಲ್ಲ. ಅದಕ್ಕೇ ನಾಲ್ವರ ದಾರಿಯೇ ನನಗೆ ಒಪ್ಪಿಗೆ.

ನಮ್ಮ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 280ನೇ ಕಲಂ ಪ್ರಕಾರ, ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯ ಅನಿಸಿದ್ದನ್ನು ನ್ಯಾಯಾಧೀಶರು ಬರೆದಿಡಬೇಕಿತ್ತು. ಇನ್ನೊಂದು ಕಡೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 132ನೇ ಕಲಂ, ಪದ್ಧತಿಯ ಪ್ರಕಾರ ಹೊರಗೆ ಬಾರದ ಮಹಿಳೆಯರಿಗೆ ಕೋರ್ಟಿಗೆ ಖುದ್ದು ಬರುವುದರಿಂದ ವಿನಾಯಿತಿ ಕೊಟ್ಟಿದೆ. ಅದು 1908ರ ಕಾನೂನು, ಅದರಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಓದಿ.

ಪ್ರಶ್ನೆ: ಇಷ್ಟೆಲ್ಲಾ ರಗಳೆ ಯಾಕೆ? ಫ್ರಾನ್ಸ್ ಥರ ಪೂರ್ತಿ ನಿಷೇಧ ಮಾಡಿದರೆ ಆಯ್ತಲ್ಲ. (ಬೆಂಗಳೂರು)

ಫ್ರಾನ್ಸಿನ ಕಾನೂನು 2011ರ ಏಪ್ರಿಲ್ 11ರಿಂದ ಜಾರಿಯಲ್ಲಿದೆ, ದಂಡ 150 ಯೂರೊವರೆಗೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರ ಜುಲೈ 1ರಂದು ಅದನ್ನು ಎತ್ತಿಹಿಡಿದದ್ದು ನಿಜ. ಆದರೆ ಯಾವ ಕಾರಣಕ್ಕೆ ಅಂತ ನೋಡಿ. ಭದ್ರತೆಗಾಗಿ ಎಲ್ಲ ಕಡೆ, ಎಲ್ಲ ಹೊತ್ತೂ ನಿಷೇಧ ಬೇಕು ಅನ್ನೋ ವಾದವನ್ನು ಆ ನ್ಯಾಯಾಲಯವೇ ಒಪ್ಪಲಿಲ್ಲ. ಅಪಾಯ ಇರುವ ಕಡೆ, ಗುರುತು ಬೇಕಾದಾಗ ಮುಖ ತೋರಿಸಿ ಅಂದರೆ ಸಾಕಲ್ಲ ಅಂತು. ಎತ್ತಿಹಿಡಿದದ್ದು 'ಒಟ್ಟಿಗೆ ಬಾಳುವುದು' ಅನ್ನೋ ಒಂದೇ ಆಧಾರದ ಮೇಲೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2018ರಲ್ಲಿ ಅದನ್ನೂ ಒಪ್ಪದೆ, ದಂಡ ತೆತ್ತ ಇಬ್ಬರು ಮಹಿಳೆಯರ ಹಕ್ಕಿಗೆ ಧಕ್ಕೆ ಆಗಿದೆ ಅಂತು. ಹೋಗೋ ಬರೋ ಹೆಂಗಸಿಗೆ ದಂಡ ಹಾಕಿ ಒಟ್ಟಿಗೆ ಬಾಳುವುದನ್ನು ಕಲಿಸಬಹುದು ಅಂತ ನನಗಂತೂ ಅನಿಸಲ್ಲ.

ಪ್ರಶ್ನೆ: ಉಡುಪಿಯ ಕೇಸೂ ಇದೇ ತಾನೇ?

ಅಲ್ಲ. ಉಡುಪಿಯ ವಿದ್ಯಾರ್ಥಿನಿಯರು ಕೇಳಿದ್ದು ತರಗತಿಯಲ್ಲಿ ತಲೆವಸ್ತ್ರ ಹಾಕಲು ಬಿಡಿ ಅಂತ. ಮುಖ ಕಾಣುತ್ತಿತ್ತು, ಗುರುತಿನ ಪ್ರಶ್ನೆಯೇ ಇರಲಿಲ್ಲ. ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಅವರ ವಿರುದ್ಧ ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಬರೆದರು. ನನಗೆ ಇವತ್ತಿಗೂ ನೋವಾಗುವುದು ಬೇರೆ ವಿಷಯಕ್ಕೆ. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ ಹೈಕೋರ್ಟ್ ಕೊಟ್ಟ ಮಧ್ಯಂತರ ಆದೇಶ ಇದ್ದದ್ದು ಸಮವಸ್ತ್ರ ಇರುವ ಕಡೆಯ ವಿದ್ಯಾರ್ಥಿಗಳಿಗೆ ಮಾತ್ರ. ಆದರೂ ಕೆಲವು ಕಡೆ ಶಿಕ್ಷಕಿಯರನ್ನೂ ಗೇಟಿನಲ್ಲಿ ನಿಲ್ಲಿಸಿ, ಕ್ಯಾಮೆರಾ ಮುಂದೆಯೇ ತಲೆವಸ್ತ್ರ ತೆಗೆಸಿದ್ದನ್ನು ನಾವೆಲ್ಲ ನೋಡಿದೆವು. ಶಿಕ್ಷಕಿಯರಿಗೆ ಇದು ಅನ್ವಯಿಸಲ್ಲ ಅಂತ ಹೈಕೋರ್ಟೇ ಆಮೇಲೆ ಸ್ಪಷ್ಟ ಮಾಡಬೇಕಾಯಿತು.

ಪ್ರಶ್ನೆ: ನಮ್ಮ ಅಮ್ಮ ನಿಖಾಬ್ ಹಾಕುತ್ತಾರೆ. ಹೈದರಾಬಾದಿನ ಮತಗಟ್ಟೆಯ ವಿಡಿಯೊ ನೋಡಿದ ಮೇಲೆ, ಎಲ್ಲರ ಮುಂದೆ ಮುಖ ತೆಗೆಸ್ತಾರೆ, ವೋಟು ಹಾಕೋಕೇ ಬರಲ್ಲ ಅಂತಿದ್ದಾರೆ. ಏನು ಹೇಳಲಿ? (ಕಲಬುರಗಿಯ ಓದುಗರು)

ಖಂಡಿತ ಕರೆದುಕೊಂಡು ಹೋಗಿ. ಆ ವಿಡಿಯೊ 2024ರ ಮೇ 13ರದು. ಅದರಲ್ಲಿ ಮುಖ ತೋರಿಸಿ ಅಂತ ಕೇಳಿದ್ದು ಮತಗಟ್ಟೆ ಅಧಿಕಾರಿ ಅಲ್ಲ, ಒಬ್ಬ ಅಭ್ಯರ್ಥಿ. ಅವರ ಮೇಲೆ ಅಂದೇ ಪೊಲೀಸರು ಕೇಸು ದಾಖಲಿಸಿದರು. ಗುರುತು ನೋಡುವುದು ಮತಗಟ್ಟೆ ಅಧಿಕಾರಿಗಳ ಕೆಲಸ. ಅಭ್ಯರ್ಥಿಗಾಗಲಿ, ಏಜೆಂಟರಿಗಾಗಲಿ ಅಮ್ಮನ ಪರದೆ ಎತ್ತಿಸುವ ಅಧಿಕಾರ ಇಲ್ಲ. ಏಜೆಂಟರಿಗೆ ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ಅಧ್ಯಕ್ಷಾಧಿಕಾರಿಯ ಮುಂದೆ ಆಕ್ಷೇಪ ಹೇಳಬಹುದು. ಅಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನ ಮಾಡುತ್ತಾರೆ. ಆಕ್ಷೇಪ ಸುಮ್ನೆ ಮಾಡಿದ್ದು ಅಂತ ಕಂಡರೆ ಆ ದುಡ್ಡು ವಾಪಸ್ ಬರಲ್ಲ.

ಅಧಿಕಾರಿ ಗುರುತಿಗಾಗಿ ಮುಖ ನೋಡಬೇಕು ಅಂದರೆ ಅಮ್ಮ ತೋರಿಸಬೇಕು, ಅದರಲ್ಲಿ ಅನುಮಾನ ಬೇಡ. ಮತದಾರರ ಪಟ್ಟಿಯಲ್ಲಿ ಫೋಟೊ ಬೇಡ ಅನ್ನೋ ವಾದವನ್ನು ಮದ್ರಾಸ್ ಹೈಕೋರ್ಟ್ 2006ರಲ್ಲೇ ತಳ್ಳಿಹಾಕಿದೆ. ಆದರೆ ಬುರ್ಖಾ ಹಾಕುವ ಮತದಾರರು ಜಾಸ್ತಿ ಇರುವ ಮತಗಟ್ಟೆಗಳಲ್ಲಿ ಮಹಿಳಾ ಅಧಿಕಾರಿಯನ್ನು ಇಟ್ಟು, ಮರೆ ಮಾಡಿದ ಜಾಗದಲ್ಲಿ ಗುರುತು ನೋಡಬೇಕು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ನಿಮ್ಮ ಮತಗಟ್ಟೆಯಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಹತ್ತಿರ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ನಿಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಚುನಾವಣಾಧಿಕಾರಿಗೆ ಅರ್ಜಿ ಕೊಡಿ. ಮತದಾನದ ದಿನ ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಮರೆಯಬೇಡಿ. ಅವರ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೆ ಹಾಗೇ ವಾಪಸ್ ಬರಬೇಡಿ, ಟೆಂಡರ್ಡ್ ಬ್ಯಾಲೆಟ್ (ಇಂಥ ಸಂದರ್ಭಕ್ಕೆಂದೇ ಕೊಡುವ ಬೇರೆ ಮತಪತ್ರ) ಕೇಳಿ, ಅಮ್ಮನ ಗುರುತು ಖಾತ್ರಿ ಆದರೆ ಕೊಡಲೇಬೇಕು.