ಆಧಾರ್ ಕೇಂದ್ರದ್ದು, ಪಡಿತರ ರಾಜ್ಯದ್ದು: ಬೆರಳಚ್ಚು ತಾಳೆಯಾಗದಿದ್ದರೆ ಹೊಣೆ ಯಾರದು?

ಗುರುತಿನ ಸಂಖ್ಯೆಯ ಮೇಲಿನ ಅಧಿಕಾರ ಕೇಂದ್ರದ್ದು; ಅಕ್ಕಿ ತಲುಪಿಸುವ ಹೊಣೆ ರಾಜ್ಯದ್ದು. 2016ರ ಆಧಾರ್ ಕಾಯ್ದೆಯಂತೆ ಸಂಖ್ಯೆ ಕೊಟ್ಟು ಬೆರಳಚ್ಚು ಕಾಪಾಡುವುದು ಕೇಂದ್ರದ ಪ್ರಾಧಿಕಾರವಾದರೂ, 2013ರ ಆಹಾರ ಭದ್ರತಾ ಕಾಯ್ದೆಯಡಿ ಅರ್ಹ ಕುಟುಂಬಗಳನ್ನು ಗುರುತಿಸುವುದು ರಾಜ್ಯವೇ ಆದ್ದರಿಂದ, ಆಧಾರ್ ನೀವು ಯಾರೆಂಬುದನ್ನಷ್ಟೇ ಹೇಳುತ್ತದೆ, ನಿಮಗೇನು ಸಲ್ಲಬೇಕೆಂಬುದನ್ನಲ್ಲ. ಕಲಬುರಗಿ ಸೀಮೆಯಲ್ಲಿ ತೊಗರಿ ಕೊಯ್ದು ಕೊಯ್ದು ಬೆರಳ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಮೂರು ಸಲ ತಿರಸ್ಕರಿಸಿದರೂ ಆಕೆಯ ಹಕ್ಕು ಅಳಿಯುವುದಿಲ್ಲ; ಇದನ್ನು ಒತ್ತಿ ಹೇಳಲೇಬೇಕು. ಆಧಾರ್ ಅನ್ನು ಬಹುಮಟ್ಟಿಗೆ ಎತ್ತಿಹಿಡಿದ 2018ರ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್, ದೃಢೀಕರಣ ವಿಫಲವಾದಾಗ ಬೇರೆ ದಾರಿಯಿಂದ ಗುರುತು ತೋರಿಸಲು ಅವಕಾಶವಿರಬೇಕೆಂದಿತು. ಹಾಗಾಗಿ ಬೆರಳಚ್ಚು ನವೀಕರಣಕ್ಕೆ ಆಧಾರ್ ಕೇಂದ್ರಕ್ಕೆ ಹೋಗಿ. ಅಕ್ಕಿ ನಿರಾಕರಿಸಿದ್ದರೆ ತಹಶೀಲ್ದಾರರ ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಕೊಡಿ.