ಹನ್ನೊಂದು ದಿನವಾದರೂ ಜ್ವರದ ಕಾರಣ ತಿಳಿಯದಿದ್ದರೆ ಮನೆಯಲ್ಲಿದ್ದುಕೊಂಡು ಏನು ಮಾಡಬಹುದು?

ಹನ್ನೊಂದು ದಿನಗಳಿಂದ ಜ್ವರ ಬಿಟ್ಟಿಲ್ಲ, ಮಲೇರಿಯಾ, ಡೆಂಗ್ಯೂ, ಟೈಫಾಯ್ಡ್ ಮೂರೂ ಇಲ್ಲವೆಂದು ವರದಿ ಬಂದಿದೆ, ಹಾಸನದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಮಲಗಿದ್ದೇನೆ, ಮುಂದೇನು ಮಾಡಲಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣದೊಂದು ಕಾಫಿ ತೋಟ ನೋಡಿಕೊಂಡಿರುವವನು. ಎರಡು ವರ್ಷಗಳ ಹಿಂದೆ ಪುನರ್ವಸು ಮಳೆಯಲ್ಲಿ ಹಿಡಿದ ಜ್ವರ ನನ್ನನ್ನು ಹದಿನೇಳು ದಿನ ಮನೆಯೊಳಗೆ ಕೂರಿಸಿತ್ತು. ಅದು ಯಾವ ಜ್ವರವೆಂದು ಇಂದಿಗೂ ತಿಳಿದಿಲ್ಲ. ತಿಳಿಯದೆ ಹೋದುದರಲ್ಲಿ ನನ್ನ ತಪ್ಪೇ ಹೆಚ್ಚು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೂರನೆಯ ದಿನ, ಕರೆಂಟೂ ಇಲ್ಲದ, ರಸ್ತೆಗೆ ಮರ ಬಿದ್ದಿದ್ದ ಹೊತ್ತಿನಲ್ಲಿ, ಮನೆಯಲ್ಲಿ ಯಾರಿಗೋ ಹಿಂದೆ ಬರೆದುಕೊಟ್ಟು ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗಳನ್ನು ನಾನಾಗಿಯೇ ನುಂಗಿದೆ. ಜ್ವರ ಎರಡು ದಿನ ಇಳಿದಂತೆ ಮಾಡಿ ಮತ್ತೆ ಏರಿತು. ಒಂಬತ್ತನೆಯ ದಿನ ಚಿಕ್ಕಮಗಳೂರಿನಲ್ಲಿ ತೋರಿಸಿದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇದುವರೆಗೆ ಏನೇನು ನುಂಗಿದ್ದೀರಿ ಎಂಬುದಾಗಿತ್ತು. ರಕ್ತವನ್ನು, ಅದರಲ್ಲಿ ರೋಗಾಣುವಿದ್ದರೆ ಬೆಳೆಸಿ ನೋಡುವ ಕಲ್ಚರ್‌ಗೆ ಕಳುಹಿಸಿದರು, ಏನೂ ಬೆಳೆಯಲಿಲ್ಲ. ರಕ್ತದಲ್ಲಿ ರೋಗಾಣು ಇರಲೇ ಇಲ್ಲವೋ, ಅಥವಾ ಇದ್ದದ್ದು ನಾನು ನುಂಗಿದ ಅರೆಬರೆ ಮಾತ್ರೆಗಳಿಂದ ಕಲ್ಚರ್‌ನಲ್ಲಿ ಬೆಳೆಯದಷ್ಟು ಕುಗ್ಗಿತ್ತೋ ಎಂದು ಹೇಳಲು ಆಮೇಲೆ ಯಾವ ದಾರಿಯೂ ಉಳಿದಿರಲಿಲ್ಲ. ಆದ್ದರಿಂದ ನೀವಿನ್ನೂ ಆಂಟಿಬಯೋಟಿಕ್ ಆರಂಭಿಸಿಲ್ಲವಾದರೆ, ವೈದ್ಯರು ಹೇಳುವವರೆಗೆ ದಯವಿಟ್ಟು ಆರಂಭಿಸಬೇಡಿ; ಆರಂಭಿಸಿದ್ದರೆ ಮುಚ್ಚಿಡದೆ ಮಾತ್ರೆಯ ಹಾಳೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಇನ್ನು ನಿಮ್ಮ ವರದಿಗಳು. 'ಇಲ್ಲ' ಎಂದು ಬಂದದ್ದೆಲ್ಲ ಖಂಡಿತವಾಗಿ ಇಲ್ಲವೆಂದೇ ಅಲ್ಲ, ಪರೀಕ್ಷೆಯನ್ನು ಜ್ವರದ ಎಷ್ಟನೆಯ ದಿನ ಮಾಡಿಸಿದಿರಿ ಎಂಬುದು ಮುಖ್ಯ. ಡೆಂಗ್ಯೂ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ಐದಾರು ದಿನಗಳಲ್ಲಿ ಹೆಚ್ಚು ಉಪಯುಕ್ತ. ಆ ನಂತರ ಐಜಿಎಂ, ಅಂದರೆ ಸೋಂಕಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ, ಇದೆಯೇ ಎಂದು ನೋಡಬೇಕಾಗುತ್ತದೆ. ಟೈಫಾಯ್ಡ್‌ಗೆಂದು ಮಾಡುವ ವಿಡಾಲ್ ಪರೀಕ್ಷೆ ಮೊದಲ ವಾರದಲ್ಲಿ ಏನನ್ನೂ ತೋರಿಸದೆ ಹೋಗಬಹುದು, ಹಳೆಯ ಸೋಂಕಿದ್ದರೆ ಸುಮ್ಮನೆ ಪಾಸಿಟಿವ್ ಬರಲೂಬಹುದು.

ನಮ್ಮ ಕಡೆಯ ಮಟ್ಟಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಕಳೆ ಹೊಡೆಸುವಾಗ ಪೊದೆಗಳ ನಡುವೆ ಓಡಾಡಿದವರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳ ಕಡಿತದಿಂದ ಸ್ಕ್ರಬ್ ಟೈಫಸ್ ಬರಬಹುದು. ಕಡಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ ಕಟ್ಟುವುದುಂಟು. ನೋವಾಗಲೀ ತುರಿಕೆಯಾಗಲೀ ಇರದ ಕಾರಣ ಅದು ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗದಲ್ಲಿದ್ದರೆ ರೋಗಿಗೇ ಗೊತ್ತಿರುವುದಿಲ್ಲ. ನನ್ನ ಮೈಯನ್ನು ಅಡಿಯಿಂದ ಮುಡಿಯವರೆಗೆ ಹುಡುಕಿದರು, ಸಿಗಲಿಲ್ಲ. ಅದೇ ತಿಂಗಳು ಪಕ್ಕದ ತೋಟದ ಕೆಲಸದವರೊಬ್ಬರಿಗೆ ಸಿಕ್ಕಿತು, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟ ಎರಡೇ ದಿನದಲ್ಲಿ ಅವರ ಜ್ವರ ಇಳಿಯಿತು. ಗದ್ದೆಯ ಕೆಸರಿಗೆ ಬರಿಗಾಲಿನಲ್ಲಿ ಇಳಿದಿದ್ದು, ಕಣ್ಣು ಕೆಂಪಾಗಿ ಮೀನಖಂಡ ಹಿಡಿದುಕೊಂಡಂತಿದ್ದರೆ ಇಲಿಜ್ವರದ ಬಗ್ಗೆ ಕೇಳಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಿನ ಕಡೆ ಹೋಗಿಬಂದಿದ್ದರೆ ಅದನ್ನೂ ತಿಳಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಹಸಿ ಹಾಲು ಕುಡಿದದ್ದು, ದನದ ಹೆರಿಗೆಗೆ ಕೈ ಹಾಕಿದ್ದು ಕೂಡ ವೈದ್ಯರಿಗೆ ಬೇಕಾದ ಸಂಗತಿಗಳೇ. ಇವನ್ನು ನಾವಾಗಿ ಹೇಳದಿದ್ದರೆ ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮನೆಯಲ್ಲಿ ಕುಳಿತು ಮಾಡಬಹುದಾದ ನಿಜವಾದ ಕೆಲಸವೆಂದರೆ ಒಂದು ನೋಟ್‌ಬುಕ್ ಇಡುವುದು. ದಿನಕ್ಕೆ ನಾಲ್ಕು ಬಾರಿ, ಮಾತ್ರೆ ನುಂಗುವುದಕ್ಕೆ ಮೊದಲು, ಥರ್ಮಾಮೀಟರ್ ಇಟ್ಟು ಬರೆಯಿರಿ. ಚಳಿ, ಬೆವರು, ಮೂತ್ರದ ಪ್ರಮಾಣ ಇವನ್ನೂ ಗುರುತು ಹಾಕಿ. ಮೈ ಮುಟ್ಟಿ ನೋಡಿ 'ಕೆಂಡದಂತೆ ಸುಡುತ್ತಿದೆ' ಎನ್ನುವುದು ನಮ್ಮ ಮನೆಗಳ ರೂಢಿ, ಅದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಮಾತ್ರೆಯಾದರೆ ಆರು ಗಂಟೆಗಳ ಅಂತರವಿರಲಿ, ಯಕೃತ್ತಿನ ತೊಂದರೆ ಇರುವವರು ಅದನ್ನೂ ಕೇಳಿಯೇ ನುಂಗಬೇಕು. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಮೈಕೈ ನೋವಿಗೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವದ ಅಪಾಯವಿದೆ. ನನಗಂತೂ ಎರಡು ವಾರ ಕಾಫಿಯ ವಾಸನೆಯೇ ಆಗುತ್ತಿರಲಿಲ್ಲ. ಗಂಜಿ, ಎಳನೀರು ಇಷ್ಟರಲ್ಲೇ ದಿನ ಕಳೆದೆ.

ಉಸಿರು ಕಟ್ಟುವುದು, ಮಾತು ತಡವರಿಸುವುದು, ಮಂಪರು, ಒಸಡಿನಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಕತ್ತು ಬಿಗಿಯುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಹಾಗಿಲ್ಲದಿದ್ದರೂ ಹನ್ನೊಂದು ದಿನವೆಂದರೆ ಒಬ್ಬರೇ ಕಾದದ್ದು ಸಾಕು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ನಾಳೆ ಬೆಳಿಗ್ಗೆ ಸ್ನೇಹಿತರೊಬ್ಬರನ್ನು ಕರೆಸಿಕೊಂಡು, ನಿಮಗೆ ಕಾಣದ ಬೆನ್ನು, ಕಿವಿಯ ಹಿಂಭಾಗಗಳನ್ನು ಅವರಿಂದ ನೋಡಿಸಿಕೊಂಡು, ನೋಟ್‌ಬುಕ್ಕನ್ನೂ ಹಳೆಯ ವರದಿಗಳನ್ನೂ ಹಿಡಿದು ಅಲ್ಲಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ.