ರೈಲ್ಸ್ ಟ್ಯೂಬ್ ಫೀಡಿಂಗ್: ಗಾಳಿಯ ಸದ್ದನ್ನು ನಂಬಬಹುದೇ?

ಪ್ರಶ್ನೆ: ನಾನು ಐಸಿಯುನಲ್ಲಿ ಎರಡು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ರೈಲ್ಸ್ ಟ್ಯೂಬ್ (ಮೂಗಿನಿಂದ ಜಠರಕ್ಕೆ ಇಳಿಸುವ ಕೊಳವೆ) ಹಾಕಿದ ಮೇಲೆ ಸಿರಿಂಜಿನಿಂದ ಗಾಳಿ ಬಿಟ್ಟು, ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿಸಿದರೆ ಫೀಡ್ (ದ್ರವ ಆಹಾರ) ಕೊಡುವುದು ನಮ್ಮಲ್ಲಿ ರೂಢಿ. ಹೊಟ್ಟೆಯಲ್ಲಿ ಉಳಿದದ್ದನ್ನು ಸಿರಿಂಜಿನಿಂದ ಹಿಂದಕ್ಕೆ ಎಳೆದಾಗ 200 ಮಿ.ಲೀ. ಬಂದರೆ ಫೀಡ್ ನಿಲ್ಲಿಸುತ್ತೇವೆ. ಹೊಸದಾಗಿ ಬಂದಿರುವ ವೈದ್ಯರು ಎರಡೂ ಸರಿಯಲ್ಲ ಎನ್ನುತ್ತಾರೆ. ಹಿರಿಯ ಸಿಸ್ಟರ್‌ಗಳು ಒಪ್ಪುವುದಿಲ್ಲ. ಯಾರ ಮಾತು ಸರಿ?

ಉತ್ತರ: ವೈದ್ಯರ ಮಾತು ಸರಿ. ಹಾಗೆಂದು ಹಿರಿಯರನ್ನು ದೂರಬೇಕಿಲ್ಲ. ಅವರು ಕಲಿತ ಕಾಲದಲ್ಲಿ ಪಾಠವೇ ಹಾಗಿತ್ತು. ಗಾಳಿ ಬಿಟ್ಟಾಗ ಹೊಟ್ಟೆಯ ಮೇಲೆ ಕೇಳಿಸುವ ಗುಳುಗುಳು ಸದ್ದು, ಟ್ಯೂಬಿನ ತುದಿ ಅನ್ನನಾಳದಲ್ಲಿದ್ದರೂ, ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗಿದ್ದರೂ ಕೇಳಿಸಬಹುದು. ಪ್ರಜ್ಞೆಯಿರುವ ರೋಗಿ ಕೆಮ್ಮಿಯಾದರೂ ಎಚ್ಚರಿಸುತ್ತಾನೆ. ವೆಂಟಿಲೇಟರಿನಲ್ಲಿ, ಮಂಪರಿನ ಔಷಧದಲ್ಲಿರುವವರಲ್ಲಿ ಆ ಕೆಮ್ಮನ್ನೂ ನೆಚ್ಚಿಕೊಳ್ಳುವಂತಿಲ್ಲ. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆಯು ಈ ಪರೀಕ್ಷೆಯನ್ನು ಬಳಸಬಾರದೆಂದು 2005ರಲ್ಲೇ ಸೂಚಿಸಿದೆ.

ಟ್ಯೂಬ್ ಹಾಕಿದ ಮೊದಲ ಸಲ ಎಕ್ಸ್-ರೇಯೇ ಖಚಿತವಾದ ದಾರಿ. ಟ್ಯೂಬಿನ ಗೆರೆ ಎದೆಯ ನಡುವೆ ನೇರವಾಗಿ, ಶ್ವಾಸನಾಳದ ಕವಲಿನ ಜೊತೆ ಹೊರಳದೆ ಇಳಿದು, ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಕೆಳಗೆ ಎಡಕ್ಕೆ ತಿರುಗಿರುವುದನ್ನು ವೈದ್ಯರು ನೋಡಿ ಕೇಸ್ ಶೀಟಿನಲ್ಲಿ ಬರೆದ ಮೇಲೆಯೇ ಫೀಡ್ ಆರಂಭಿಸಿ. ಟ್ಯೂಬಿನಿಂದ ಎಳೆದ ದ್ರವದ ಪಿಎಚ್ (ಆಮ್ಲ ಹೆಚ್ಚಿದ್ದಷ್ಟೂ ಇಳಿಯುವ ಅಂಕಿ) 5.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತುದಿ ಜಠರದಲ್ಲಿದೆ ಎಂದು ನಂಬಬಹುದಾದರೂ, ಐಸಿಯುನಲ್ಲಿ ಅನೇಕರಿಗೆ ಜಠರದ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ನಡೆಯುತ್ತಿರುವುದರಿಂದ ಟ್ಯೂಬ್ ಸರಿಯಾಗಿದ್ದರೂ ಅಂಕಿ ಮೇಲೇರಿರಬಹುದು. ನಮ್ಮಲ್ಲಿ ಬಳಸುವ ಟ್ಯೂಬುಗಳ ಮೇಲೆ ಸಾಮಾನ್ಯವಾಗಿ 50, 60, 70 ಸೆಂ.ಮೀ.ಗೆ ಮಾತ್ರ ಗುರುತು ಇರುತ್ತದೆ. ಆದ್ದರಿಂದ ಎಕ್ಸ್-ರೇ ನೋಡಿದ ಕೂಡಲೇ ಮೂಗಿನ ಹೊಳ್ಳೆಯ ಅಂಚಿಗೆ ಸರಿಯಾಗಿ ಟ್ಯೂಬಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಪ್ರತಿ ಫೀಡಿಗೆ ಮುಂಚೆ ಆ ಗೆರೆಯನ್ನು ನೋಡಿ. ಪ್ಲಾಸ್ಟರ್ ಸಡಿಲಗೊಂಡು ಗೆರೆ ಹೊರಗೆ ಸರಿದಿದ್ದರೆ ಫೀಡ್ ತಡೆದು ಡ್ಯೂಟಿ ಡಾಕ್ಟರಿಗೆ ತಿಳಿಸಿ.

ಇನ್ನು ಹೊಟ್ಟೆಯಲ್ಲಿ ಉಳಿದ ಫೀಡಿನ ವಿಚಾರ. ಅಮೆರಿಕದ ತಜ್ಞ ಸಂಘಗಳ 2016ರ ಮಾರ್ಗಸೂಚಿಯು ಇದನ್ನು ವಾಡಿಕೆಯಾಗಿ ಅಳೆಯುವುದೇ ಬೇಡ ಎನ್ನುತ್ತದೆ. ಅಳೆಯುವ ಪದ್ಧತಿ ಇರುವ ಕಡೆ, ವಾಂತಿ, ಹೊಟ್ಟೆಯುಬ್ಬರದಂಥ ಬೇರೆ ಲಕ್ಷಣಗಳಿಲ್ಲದಿದ್ದರೆ 500 ಮಿ.ಲೀ.ಗಿಂತ ಕಡಿಮೆ ಬಂದ ಕಾರಣಕ್ಕೆ ಫೀಡ್ ನಿಲ್ಲಿಸಬಾರದು. ಬೆಳಗಿನ ಫೀಡ್ 200 ಮಿ.ಲೀ. ಬಂತೆಂದು ನಿಂತು, ಹತ್ತು ಗಂಟೆಯದು ಸಿ.ಟಿ. ಸ್ಕ್ಯಾನಿಗಾಗಿ ತಪ್ಪಿ, ಸಂಜೆಯದು ಡ್ರೆಸ್ಸಿಂಗ್ ಗಡಿಬಿಡಿಯಲ್ಲಿ ಮರೆತುಹೋದರೆ, ಚಾರ್ಟಿನಲ್ಲಿ 1500 ಕ್ಯಾಲೊರಿ ಎಂದಿದ್ದರೂ ರೋಗಿಗೆ ಅರ್ಧದಷ್ಟೂ ಸೇರಿರುವುದಿಲ್ಲ. ಫೀಡ್ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯಲು ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿಡುವುದು ಹೆಚ್ಚು ಮುಖ್ಯ. ಸ್ಪಾಂಜ್ ಬಾತ್‌ಗೆಂದು ಮಲಗಿಸಿ ಮತ್ತೆ ಎತ್ತರಿಸಲು ಮರೆಯುವುದೇ ನಾನು ಹೆಚ್ಚಾಗಿ ಕಂಡ ಲೋಪ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಅಡುಗೆಮನೆಯಿಂದ ಬರುವ ರಾಗಿ ಗಂಜಿ, ಬೇಳೆಕಟ್ಟು ಆರುತ್ತಿದ್ದಂತೆ ಗಟ್ಟಿಯಾಗಿ ಟ್ಯೂಬನ್ನು ಕಟ್ಟಿಸುತ್ತವೆ. ತೆಳುವಾಗಿ ಮಾಡಿಸಿ, ಸೋಸಿ, ಫೀಡಿನ ಮೊದಲು ಮತ್ತು ನಂತರ 20ರಿಂದ 30 ಮಿ.ಲೀ. ನೀರು ಹಾಯಿಸಿ, ನೀರಿನ ಮಿತಿ ಇರುವ ರೋಗಿಯಾದರೆ ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಿ. ಮಾತ್ರೆಗಳನ್ನು ಫೀಡಿನೊಳಗೆ ಬೆರೆಸಬೇಡಿ, ಒಂದೊಂದನ್ನೇ ಬೇರೆಯಾಗಿ ಕೊಡಿ. ಮೇಲೆ ಹೇಳಿದ ಪ್ಯಾಂಟೊಪ್ರಜೋಲ್ ಮಾತ್ರೆಯನ್ನಂತೂ ಅರೆಯಲೇಬಾರದು. ಅದರ ಹೊರಪದರ ಒಡೆದರೆ ಜಠರದ ಆಮ್ಲವೇ ಔಷಧವನ್ನು ಹಾಳುಮಾಡುತ್ತದೆ. ಚುಚ್ಚುಮದ್ದಿಗೆ ಬದಲಾಯಿಸುವಂತೆ ವೈದ್ಯರನ್ನು ಕೇಳಿ.